ನೀರು ಬಿಡಲಾಯಿತು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಜಪ ತಪಕ್ಕೆಂದು ಅಲ್ಲಿಗೆ ಬರುವವರು ಕಡಿಮೆ. ಬರುತ್ತಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ಇಂಗ್ಲಿಷ್ ಎಂ.ಎ. ಓದುತ್ತಿದ್ದವರು.

ಅವರು ಬರುತ್ತಿದ್ದದ್ದು ಚೆನ್ನವೀರಯ್ಯ ಗುರುಗಳಿಗಾಗಿ. ಜೀವಮಾನವೆಲ್ಲ ಇಂಗ್ಲಿಷ್ ವ್ಯಾಕರಣ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಒಂದು ಚಾಪೆ, ಒಂದು ನಿಘಂಟು ಹಿಡಿದುಕೊಂಡು ಆಶ್ರಮ ಸೇರಿದವರು ಅವರು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯ ಹತ್ತಿರ ಗಟ್ಟಿಯಾಗಿ ಹೇಳಿದರೆ ಕೇಳುತ್ತಿತ್ತು.

ಪುಸ್ತಕದಲ್ಲಿರುವ ಅಭ್ಯಾಸಗಳನ್ನೆಲ್ಲ ಮುಗಿಸಿ, ಇನ್ನೇನು ಉಳಿದಿದೆ ಎಂದು ಕೇಳುವವರಿಗೆ ಮಾತ್ರ ಅವರು ಪಾಠ ಹೇಳುತ್ತಿದ್ದರು.

ಆ ಶಿಷ್ಯರಲ್ಲಿ ಕಸ್ತೂರಿ ಎಲ್ಲರಿಗಿಂತ ಚುರುಕು. ಗುರುಗಳು ಒಂದು ವಾಕ್ಯ ಕೊಟ್ಟರೆ ಅದನ್ನು ಮಗುಚಿ, ಹೊರಳಿಸಿ, ನಾಲ್ಕು ಬಗೆಯಲ್ಲಿ ತಿರುಗಿ ಕೊಡುತ್ತಿದ್ದಳು.

ಒಂದು ದಿನ ಅವಳು ಕೇಳಿದಳು:

“ಗುರುಗಳೆ, ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದು ನನಗೆ ಬರುತ್ತದೆ. ಆದರೆ ಯಾವಾಗ ತಿರುಗಿಸಬೇಕು?”

“ಪುಸ್ತಕ ಏನು ಹೇಳುತ್ತದೆ?”

“ಕೆಲಸ ಮಾಡಿದವರು ಯಾರೆಂದು ಗೊತ್ತಿಲ್ಲದಾಗ. ಇಲ್ಲವೆ, ಯಾರೆಂಬುದು ಮುಖ್ಯವಲ್ಲದಾಗ.”

ಗುರುಗಳು ಪಕ್ಕದಲ್ಲಿದ್ದ ಮಣ್ಣಿನ ಹೂಜಿಯನ್ನು ಎತ್ತಿ ಕಲ್ಲುಹಾಸಿನ ಮೇಲೆ ಕೈಬಿಟ್ಟರು. ಹೂಜಿ ಚೂರುಚೂರಾಯಿತು. ನೀರು ಕಸ್ತೂರಿಯ ಕಾಲವರೆಗೆ ಹರಿದು ಬಂತು.

“ಏನಾಯಿತು? ಇಂಗ್ಲಿಷಿನಲ್ಲಿ ಹೇಳು. ಕರ್ಮಣಿಯಲ್ಲಿ.”

ಹೂಜಿ ಒಡೆಯಲ್ಪಟ್ಟಿತು ಎಂಬುದನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು.

“ಬಹಳ ಚೆನ್ನಾಗಿದೆ,” ಎಂದರು ಗುರುಗಳು. “ಇನ್ನು ನಾನು ಹಾಯಾಗಿ ಮಲಗಬಹುದು.”

ಎಲ್ಲರೂ ನಕ್ಕರು. ಕಸ್ತೂರಿಯೂ ನಕ್ಕು ಚೂರುಗಳನ್ನು ಗುಡಿಸಿ ಹಾಕಿದಳು.

ಅದೇ ಬೇಸಿಗೆಯಲ್ಲಿ ಹೊಳೆಯ ಮೇಲ್ಭಾಗದಲ್ಲಿ ಒಂದು ಅನಾಹುತವಾಯಿತು.

ಅಲ್ಲಿ ಒಂದು ಕಂಪನಿ ಹೊಳೆಗೆ ಅಡ್ಡಗಟ್ಟೆ ಕಟ್ಟಿ ಕರೆಂಟು ತೆಗೆಯುತ್ತಿತ್ತು. ಕಟ್ಟೆಯ ಕೆಳಗೆ ಒಂದು ಹಳ್ಳಿ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಾಗ ಹಳ್ಳಿಯ ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಿದ್ದರು. ಗೇಟು ತೆಗೆಯುವ ಮೊದಲು ಸೈರನ್ ಕೂಗಬೇಕು, ಕೂಗಿದರೆ ಅವರು ಮೇಲೆ ಬರಬೇಕು. ಅದು ನೇಮ.

ಆ ದಿನ ಸೈರನ್ ಕೂಗಲಿಲ್ಲ. ನೀರು ಬಂತು. ಮೂವರು ಹೆಂಗಸರು ಹೋದರು.

ಗೇಟು ತೆಗೆದವನ ಹೆಸರು ಫಕ್ಕೀರಪ್ಪ. ಅವನು ಕಸ್ತೂರಿಯ ಒಡಹುಟ್ಟಿದ ಅಣ್ಣ.

ಇದು ಆಶ್ರಮದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಣ್ಣ ತಂಗಿಯರ ಊರು ದೂರ. ಅಪ್ಪ ಅವ್ವ ತೀರಿಹೋದ ಮೇಲೆ ಅಣ್ಣನೇ ಅವಳನ್ನು ಸಾಕಿದ. ತಂಗಿಯ ಓದು ಮುಗಿಯಲಿ ಎಂದು ತನ್ನ ಮದುವೆಯನ್ನು ಮುಂದೆ ಹಾಕುತ್ತಲೇ ಬಂದ. ಕಂಪನಿಯ ವಸತಿಯ ಒಂದು ಕೋಣೆಯಲ್ಲಿ ಒಬ್ಬನೇ ಇದ್ದ. ಅವನಿಗೆ ಇಂಗ್ಲಿಷ್ ಕಲಿಯುವ ತಂಗಿ ಇದ್ದಾಳೆಂದು ಆ ಹಳ್ಳಿಯವರಿಗೂ ತಿಳಿದಿರಲಿಲ್ಲ.

ಅನಾಹುತದ ಮಾರನೆಯ ದಿನ ಫಕ್ಕೀರಪ್ಪ ಆಶ್ರಮಕ್ಕೆ ಬಂದ. ಬೇವಿನ ಮರದ ಕೆಳಗೆ ಕೂತ. ಕಸ್ತೂರಿ ತಟ್ಟೆಯಲ್ಲಿ ರೊಟ್ಟಿ ತಂದಿಟ್ಟರೆ ಮುಟ್ಟಲಿಲ್ಲ.

“ಅಣ್ಣಾ, ಒಂದು ತುತ್ತರ ತಿನ್ನು.”

“ನಾನ ಬಿಟ್ಟೆ, ತಂಗಿ.”

“ನಿನಗ ಯಾರು ಹೇಳಿದ್ರು ಬಿಡು ಅಂತ?”

“ಮ್ಯಾನೇಜರ್ ಸಾಹೇಬ್ರು ಫೋನ್ ಮಾಡಿದ್ರು. ಸೈರನ್ ಕೆಟ್ಟೈತ್ರಿ ಅಂದೆ. ಯಾರನ್ನರ ಕೆಳಗ ಕಳಿಸಿ ನೋಡಿ ಬಿಡ್ತೀನ್ರಿ ಅಂದೆ. ಅಷ್ಟು ಹೊತ್ತಿಲ್ಲ, ಬಿಡು ಅಂದ್ರು. ಬಿಟ್ಟೆ.”

“ಮತ್ತ ನಿಂದೇನು ತಪ್ಪು?”

ಫಕ್ಕೀರಪ್ಪ ತಟ್ಟೆಯನ್ನು ದೂರ ಸರಿಸಿದ.

“ಮ್ಯಾಲಿಂದ ನೋಡಿದ್ದೆ ನಾನು,” ಎಂದ. “ಬಂಡೆಗಲ್ಲಿನ ಮ್ಯಾಲೆ ಕೆಂಪು, ಹಸರು ಕಾಣ್ತಿತ್ತು. ಒಣಗಾಕ ಹಾಕಿದ ಸೀರಿ ಅಂದ್ಕೊಂಡೆ. ಸೀರಿ ಅಷ್ಟ ಅಂದ್ಕೊಂಡೆ.”

ದೂರದಿಂದ ಗುರುಗಳು ಇಬ್ಬರನ್ನೂ ನೋಡಿದರು. ಅವನು ಎದ್ದು ಹೋದ ಮೇಲೆ ಕೇಳಿದರು:

“ಯಾರು ಬಂದಿದ್ದವರು?”

“ನಮ್ಮ ಅಣ್ಣ, ಗುರುಗಳೆ.”

“ಉಣ್ಣದೆ ಹೋದರಲ್ಲ?”

“ಹಸಿವಿಲ್ಲವಂತೆ.”

ಗುರುಗಳು ಮುಂದೆ ಕೇಳಲಿಲ್ಲ.

ಕೆಲವು ದಿನಗಳಾದ ಮೇಲೆ ಆ ಹಳ್ಳಿಯಿಂದ ಒಬ್ಬ ಹೆಂಗಸು ಆಶ್ರಮಕ್ಕೆ ನಡೆದು ಬಂದಳು. ಹೆಸರು ನೀಲವ್ವ. ಹೋದ ಮೂವರಲ್ಲಿ ಒಬ್ಬಳು ಅವಳ ಮಗಳು, ಸರಸವ್ವ.

ನೀಲವ್ವ ಗುರುಗಳ ಮುಂದೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

“ವಿಚಾರಣಿ ಮಾಡಾಕ ಒಬ್ರು ದೊಡ್ಡ ಸಾಹೇಬ್ರು ಬರ್ತಾರಂತ್ರಿ. ಎಲ್ಲೋ ದೂರದ ರಾಜ್ಯದವರು. ಕನ್ನಡ ಬರಂಗಿಲ್ಲಂತ. ಕಂಪನಿಯವರು ತಮ್ಮ ಮನಶ್ಯಾನ್ನ ಕೂಡಸ್ತೀವಿ ಅಂದ್ರು, ನಮ್ಮ ಮಾತು ಇಂಗ್ಲೀಷಿನಾಗ ಹೇಳಾಕ. ನಾವು ಬ್ಯಾಡ ಅಂದ್ವಿ. ನೀವು ಬರ್ರಿ, ಅಜ್ಜಾರ.”

“ನನಗೆ ಕಿವಿ ಕೇಳುವುದಿಲ್ಲವಲ್ಲ, ತಾಯಿ. ನೀವು ಹೇಳಿದ್ದರಲ್ಲಿ ಅರ್ಧ ನನ್ನೊಳಗೆ ಬರುವುದೇ ಇಲ್ಲ.”

“ಮತ್ತ ಯಾರನ್ನ ಕೇಳೂಣ್ರಿ?”

ಗುರುಗಳು ಕಸ್ತೂರಿಯ ಕಡೆ ತಿರುಗಿದರು.

“ಇವಳು ನನಗಿಂತ ಚೆನ್ನಾಗಿ ಹೇಳುತ್ತಾಳೆ. ಹೋಗುತ್ತೀಯಾ?”

ಗೇಟು ತೆಗೆದವನು ನನ್ನ ಅಣ್ಣ ಎಂಬ ಮಾತು ಕಸ್ತೂರಿಯ ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ತಾನು ಒಲ್ಲೆ ಎಂದರೆ ಬೇರೆ ಯಾರೋ ಹೋಗುತ್ತಾರೆ. ಅಣ್ಣನ ಮಾತು ಬೇರೆ ಯಾರದೋ ಬಾಯಿಗೆ ಬೀಳುತ್ತದೆ.

“ಹೋಗುತ್ತೇನೆ, ಗುರುಗಳೆ.”

ನೀಲವ್ವ ಅವಳ ಎರಡೂ ಕೈ ಹಿಡಿದುಕೊಂಡಳು. ಒರಟು ಕೈ, ಬಿಸಿಯಾಗಿತ್ತು.

“ನೀ ಏನೂ ಕೂಡಸಬ್ಯಾಡವಾ. ಏನೂ ಕಳೀಬ್ಯಾಡ. ನಾ ಹೇಳಿದ್ದನ್ನ ಹೇಳಿದ್ಹಂಗ ಮುಟ್ಟಿಸು. ಅಷ್ಟ ಸಾಕು.”

ವಿಚಾರಣೆ ನಡೆದದ್ದು ಹಳ್ಳಿಯ ಶಾಲೆಯಲ್ಲಿ. ಅಧಿಕಾರಿ ಮೇಜಿನ ಹಿಂದೆ ಕೂತಿದ್ದರು. ಪಕ್ಕದಲ್ಲಿ ಟೈಪಿಸ್ಟ್. ಎದುರಿನ ಸಾಲಿನಲ್ಲಿ ಕಂಪನಿಯ ಮ್ಯಾನೇಜರು. ಹಿಂದೆ, ನೆಲದ ಮೇಲೆ, ಊರಿನವರು.

ಮೊದಲು ನೀಲವ್ವನನ್ನು ಕರೆದರು.

“ಅವರು ನನ್ನ ಮಗಳನ್ನ ಕೊಂದ್ರು,” ಎಂದಳು ನೀಲವ್ವ. “ಸೈರನ್ ಹೊಡೀಲಿಲ್ಲ, ಕೂಗಿ ಹೇಳಲಿಲ್ಲ. ನೀರು ಬಿಟ್ಟು ಕೊಂದ್ರು.”

ಅಧಿಕಾರಿ ಕಸ್ತೂರಿಯನ್ನು ನೋಡಿದರು.

ಕಸ್ತೂರಿಗೆ ಆ ಕ್ಷಣದಲ್ಲಿ ಇಂಗ್ಲಿಷಿನ ಪದಗಳೆಲ್ಲ ಒಟ್ಟಿಗೆ ನೆನಪಾದವು. ಕೊಲ್ಲುವುದಕ್ಕೆ ಎಷ್ಟು ಪದ, ಸಾಯುವುದಕ್ಕೆ ಎಷ್ಟು ಪದ, ಯಾವುದು ಕಟು, ಯಾವುದು ಮೆದು. ಎಲ್ಲವನ್ನೂ ಆಶ್ರಮದ ಜಗಲಿಯ ಮೇಲೆ ಕೂತು ತೂಗಿ ನೋಡಿ ಕಲಿತಿದ್ದಳು. ಅವುಗಳಲ್ಲಿ ಎಲ್ಲಕ್ಕಿಂತ ಮೆದುವಾದದ್ದನ್ನು ಆರಿಸಿದಳು.

ನೀರಿನ ಮಟ್ಟ ಏರಿದಾಗ ಇವರ ಮಗಳು ಜೀವ ಕಳೆದುಕೊಂಡಳು, ಯಾವ ಮುನ್ನೆಚ್ಚರಿಕೆಯೂ ಕೇಳಿಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಟೈಪಿಸ್ಟನ ಬೆರಳು ಟಕಟಕ ಓಡಿತು. ಮ್ಯಾನೇಜರು ತಲೆ ಎತ್ತಿ ಅವಳನ್ನು ಒಮ್ಮೆ ನೋಡಿದರು. ನೀಲವ್ವ ಕಣ್ಣೊರೆಸಿಕೊಂಡು, ತನ್ನ ಮಾತು ಮುಟ್ಟಿತೆಂಬ ನಂಬಿಕೆಯಲ್ಲಿ ಹೋಗಿ ಕೂತಳು.

ಆಮೇಲೆ ಊರಿನವರನ್ನೆಲ್ಲ ಹೊರಗೆ ಕಳಿಸಿ ಫಕ್ಕೀರಪ್ಪನನ್ನು ಕರೆದರು. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಲಿಲ್ಲ.

“ನಾನ ಬಿಟ್ಟೆ,” ಎಂದ ಫಕ್ಕೀರಪ್ಪ. “ಮ್ಯಾನೇಜರ್ ಸಾಹೇಬ್ರು ಬಿಡು ಅಂದ್ರು. ಸೈರನ್ ಇಲ್ಲ ಅಂದೆ. ಆದ್ರೂ ಬಿಡು ಅಂದ್ರು. ಬಿಟ್ಟೆ.”

ಬಿಟ್ಟೆ. ಕನ್ನಡದಲ್ಲಿ ಆ ಒಂದೇ ಮಾತಿನ ಬಾಲದಲ್ಲಿ ಬಿಟ್ಟವನು ಕೂತಿದ್ದಾನೆ. ಅವನನ್ನು ಕಿತ್ತು ಹಾಕಿದರೆ ಮಾತೇ ಮುರಿಯುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಅವನು ಬೇರೆಯಾಗಿ, ವಾಕ್ಯದ ಹೊಸಿಲಿನ ಮೇಲೆ ನಿಂತಿರುತ್ತಾನೆ. ಸುಮ್ಮನೆ ಒಳಗೆ ಕರೆಯದಿದ್ದರೆ ಆಯಿತು.

“ದಿ ವಾಟರ್ ವಾಸ್ ರಿಲೀಸ್ಡ್,” ಎಂದಳು ಕಸ್ತೂರಿ. ನೀರು ಬಿಡಲಾಯಿತು. ಸೈರನ್ ಕೆಟ್ಟುಹೋಗಿದ್ದುದು ತಿಳಿದುಬಂದಿತ್ತು ಎಂದೂ ಸೇರಿಸಿದಳು.

ಅಧಿಕಾರಿ ತಲೆಯಾಡಿಸಿದರು. ಬೆಳಗಿನಿಂದ ಕೂತು ಅವರಿಗೂ ದಣಿವಾಗಿತ್ತು. ಇನ್ನೇನಾದರೂ ಹೇಳುವುದಿದೆಯೇ ಎಂದು ಕಸ್ತೂರಿಯಿಂದ ಕೇಳಿಸಿದರು.

“ಐತ್ರಿ,” ಎಂದ ಫಕ್ಕೀರಪ್ಪ. “ನಾ ನೋಡಿದ್ದೆ. ಬಂಡೆಗಲ್ಲಿನ ಮ್ಯಾಲೆ ಬಣ್ಣ ಕಾಣ್ತಿತ್ತು. ಒಣಗಾಕ ಹಾಕಿದ ಅರಿವಿ ಅಂದ್ಕೊಂಡು ಬಿಟ್ಟೆ.”

ಬಂಡೆಗಳ ಮೇಲೆ ಬಟ್ಟೆಗಳು ಕಂಡುಬಂದವು ಎಂದು ಕಸ್ತೂರಿ ಇಂಗ್ಲಿಷಿನಲ್ಲಿ ಹೇಳಿದಳು.

ಅವಳು ಆಡಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ವಿಚಾರಣೆ ಮುಗಿದು ಹೊರಗೆ ಬಂದಾಗ ಮ್ಯಾನೇಜರು ಅವಳ ಹತ್ತಿರ ಬಂದರು. ಅವರಿಗೆ ಎರಡೂ ಭಾಷೆ ಬರುತ್ತಿತ್ತು.

“ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ, ಮೇಡಂ,” ಎಂದರು. “ಯಾರ ಹತ್ತಿರ ಕಲಿತಿರಿ?”

ಕಸ್ತೂರಿ ನೆಟ್ಟಗೆ ಬಸ್ಸಿನ ಕಡೆ ನಡೆದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಹೊಗಳಿಕೆ ಮೈಗೆ ಅಂಟಿಕೊಂಡಂತೆ ಆಗಿ, ಇಳಿದವಳೇ ಹೊಳೆಗೆ ಹೋಗಿ ಕೈಕಾಲು ತೊಳೆದಳು.

ಆಶ್ರಮದಲ್ಲಿ ಗುರುಗಳು ಕೇಳಿದರು:

“ಆ ತಾಯಿಯ ಮಾತು ಮುಟ್ಟಿತೇ?”

“ಮುಟ್ಟಿತು, ಗುರುಗಳೆ.”

ಅವಳು ಮೆಲ್ಲಗೆ ಹೇಳಿದ್ದಳು. ಗುರುಗಳಿಗೆ ಕೇಳಿತೋ ಇಲ್ಲವೋ. ಅವರು ತಲೆಯಾಡಿಸಿ ನಿಘಂಟನ್ನು ತೆರೆದರು.

ಮಳೆಗಾಲ ಶುರುವಾಗುವ ಹೊತ್ತಿಗೆ ತೀರ್ಮಾನ ಬಂತು. ನೀರಿನ ಮಟ್ಟ ಅನಿರೀಕ್ಷಿತವಾಗಿ ಏರಿದ್ದರಿಂದ ದುರ್ಘಟನೆ ಸಂಭವಿಸಿದೆ. ಯಾರ ಲೋಪವೂ ಕಂಡುಬಂದಿಲ್ಲ. ಹೊಳೆಯ ದಂಡೆಯಲ್ಲಿ ಎಚ್ಚರಿಕೆಯ ಫಲಕಗಳನ್ನು ಹಾಕಲಾಗುವುದು.

ಅಣ್ಣ ಉಳಿದ ಎಂದು ಕಸ್ತೂರಿ ಉಸಿರು ಬಿಟ್ಟಳು.

ಫಕ್ಕೀರಪ್ಪ ಮತ್ತೆ ಬಂದ. ಅದೇ ಬೇವಿನ ಮರದ ಕೆಳಗೆ ಕೂತ. ಗಲ್ಲ ಒಳಗೆ ಹೋಗಿ, ಗಡ್ಡ ಬೆಳೆದು, ಗುರುತೇ ಸಿಗದಂತಾಗಿದ್ದ.

“ತಂಗಿ, ನಾ ಹೇಳಿದ್ದನ್ನ ಸಾಹೇಬ್ರಿಗೆ ಹೇಳಿದೀ?”

“ಹೇಳಿದೆ, ಅಣ್ಣಾ.”

“ಎಲ್ಲಾ?”

“ಎಲ್ಲಾ ಹೇಳಿದೆ.”

“ನಾ ನೋಡಿದ್ದು? ಅರಿವಿ ಅಂದ್ಕೊಂಡಿದ್ದು?”

“ಅದನ್ನೂ ಹೇಳಿದೆ.”

ಫಕ್ಕೀರಪ್ಪ ತನ್ನ ಅಂಗೈ ನೋಡಿಕೊಂಡ.

“ಹಂಗಾದ್ರ ಅಷ್ಟೆಲ್ಲಾ ಕೇಳಿದ ಮ್ಯಾಲೂ ಅವರಿಗೆ ಏನೂ ಅನಸಲಿಲ್ಲ? ನನ್ನ ಹಿಡಕೊಂಡು ಹೋಗೂಣ ಅಂತ ಒಬ್ಬರಿಗೂ ಅನಸಲಿಲ್ಲ?”

“ನಿನ್ನ ತಪ್ಪಿಲ್ಲ ಅಂತ ಅಂದಾರ, ಅಣ್ಣಾ. ಇನ್ನ ಅದನ್ನ ಬಿಟ್ಟುಬಿಡು.”

“ಬಿಡು,” ಎಂದ ಫಕ್ಕೀರಪ್ಪ. “ಬಿಡು ಬಿಡು ಅಂತ ಎಲ್ಲಾರೂ ನನಗ ಹೇಳ್ತೀರಿ.”

ನಿಜ ಹೇಳಿಬಿಡಬೇಕೆಂದು ಕಸ್ತೂರಿಗೆ ಅನಿಸಿತು. ಹೇಳಿದರೆ ಇವತ್ತೇ ಇವನು ಹೋಗಿ ಜೈಲಿನ ಬಾಗಿಲು ತಟ್ಟುತ್ತಾನೆ ಎಂದೂ ಅನಿಸಿತು. ಸುಮ್ಮನಾದಳು.

ಆ ವಾರ ಕಳೆಯುವುದರೊಳಗೆ ಸುದ್ದಿ ಬಂತು. ಬಟ್ಟೆ ಒಗೆಯುವ ಬಂಡೆಗಳ ಕೆಳಗಿನ ಮಡುವಿನಲ್ಲಿ ಫಕ್ಕೀರಪ್ಪ ಸಿಕ್ಕಿದ್ದ.

ಕಾಲು ಜಾರಿತು ಎಂದರು ಕಂಪನಿಯವರು. ಒಳ್ಳೆಯ ಕೆಲಸಗಾರನಾಗಿದ್ದ ಎಂದರು ಮ್ಯಾನೇಜರು. ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಜನ. ಕಸ್ತೂರಿ ಒಂದು ಹಿಡಿ ಮಣ್ಣು ಹಾಕಿದಳು. ಅಳು ಬರಲಿಲ್ಲ.

ಅಲ್ಲಿಂದ ಅವಳು ನೆಟ್ಟಗೆ ಆಶ್ರಮಕ್ಕೆ ಬಂದಳು. ಪಾಠ ನಡೆಯುತ್ತಿತ್ತು. ಶಿಷ್ಯರೆಲ್ಲ ಜಗಲಿಯ ಮೇಲೆ ಕೂತಿದ್ದರು. ಮಣ್ಣಾದ ಕೈಯಲ್ಲೇ ಹೋಗಿ ಗುರುಗಳ ಮುಂದೆ ಕೂತಳು.

“ಗುರುಗಳೆ, ಒಂದು ತಪ್ಪಾಗಿದೆ.”

ಗುರುಗಳು ಬಲಗಿವಿಗೆ ಕೈ ಹಿಡಿದು ಬಾಗಿದರು.

“ಕೇಳಿಸಲಿಲ್ಲ.”

ಅವಳು ಎಲ್ಲವನ್ನೂ ಹೇಳಿದಳು. ಅಣ್ಣ ಯಾರೆಂದು, ಅವನು ಏನು ಹೇಳಿದನೆಂದು, ಅವನು ಈಗ ಎಲ್ಲಿದ್ದಾನೆಂದು. ಬಾಗಿ, ಕಿವಿಯ ಹತ್ತಿರ ಹೇಳಿದಳು. ಬೇರೆ ಶಿಷ್ಯರು ಕಣ್ಣು ತಗ್ಗಿಸಿ ಕೂತರು.

ಗುರುಗಳ ಮುಖದಲ್ಲಿ ಏನೂ ಕದಲಲಿಲ್ಲ.

“ವಿಚಾರಣೆಯಲ್ಲಿ ನೀನು ಹೇಳಿದ ವಾಕ್ಯಗಳನ್ನು ಹೇಳು. ಇಂಗ್ಲಿಷಿನಲ್ಲೇ ಹೇಳು.”

“ನೀರು ಬಿಡಲಾಯಿತು,” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

“ಕೇಳಿಸಲಿಲ್ಲ.”

ಕಸ್ತೂರಿ ದನಿ ಏರಿಸಿದಳು. “ನೀರು ಬಿಡಲಾಯಿತು.”

“ಕೇಳಿಸಲಿಲ್ಲ.”

ಅವಳು ಕೂಗಿದಳು. ಹೊಳೆಯ ಆಚೆ ದಡದಲ್ಲಿ ದನ ಕಾಯುತ್ತಿದ್ದವನು ತಿರುಗಿ ನೋಡಿದ.

“ಕೇಳಿಸಲಿಲ್ಲ,” ಎಂದರು ಗುರುಗಳು.

ಆಗ ಅವಳಿಗೆ ತಿಳಿಯಿತು.

“ಮ್ಯಾನೇಜರು ನೀರು ಬಿಡಲು ಹೇಳಿದರು,” ಎಂದಳು. ಈ ಸಲ ಕೂಗಲಿಲ್ಲ. “ನನ್ನ ಅಣ್ಣ ನೀರು ಬಿಟ್ಟ.”

“ಕೇಳಿಸಿತು. ಮುಂದೆ.”

“ಬಂಡೆಗಳ ಮೇಲೆ ಬಟ್ಟೆಗಳು ಕಂಡುಬಂದವು.”

“ಕೇಳಿಸಲಿಲ್ಲ.”

“ಬಂಡೆಯ ಮೇಲೆ ನನ್ನ ಅಣ್ಣ... ಬಂಡೆಯ ಮೇಲೆ ನನ್ನ ಅಣ್ಣ ಮನುಷ್ಯರನ್ನು ನೋಡಿದ. ಬಟ್ಟೆ ಎಂದುಕೊಂಡ.”

“ಮುಂದೆ.”

“ನೀಲವ್ವನ ಮಗಳು ಜೀವ ಕಳೆದುಕೊಂಡಳು.”

“ಕೇಳಿಸಲಿಲ್ಲ.”

“ಅವರು ಸರಸವ್ವನನ್ನು ಕೊಂದರು.”

ಹೇಳಿದ ಮೇಲೆ ಜಗಲಿಯ ಕಂಬ ಹಿಡಿದುಕೊಂಡಳು. ಗುರುಗಳು ಕಾದರು. ಸಮಾಧಾನ ಹೇಳಲಿಲ್ಲ, ತಲೆ ಸವರಲಿಲ್ಲ.

“ಇನ್ನೊಂದು ಉಳಿಯಿತು,” ಎಂದರು. “ಬಂದ ಕೂಡಲೇ ಹೇಳಿದೆಯಲ್ಲ, ಅದು.”

“ಒಂದು ತಪ್ಪಾಗಿದೆ,” ಎಂದಳು ಕಸ್ತೂರಿ.

ಗುರುಗಳು ಕಿವಿಯಿಂದ ಕೈ ತೆಗೆಯಲಿಲ್ಲ.

ಅವಳು ಬಾಯಿ ತೆರೆದಳು. ಏನೂ ಹೊರಡಲಿಲ್ಲ. ಮತ್ತೆ ತೆರೆದಳು. ಆಗ ಅಳು ಬಂತು. ಮಣ್ಣು ಹಾಕುವಾಗ ಬರದ ಅಳು ಅಲ್ಲಿ ಬಂದು, ನೆಲಕ್ಕೆ ಹಣೆ ಹಚ್ಚಿ ಹೊರಳಾಡಿ ಅತ್ತಳು.

ಅದು ನಿಲ್ಲುವವರೆಗೂ ಗುರುಗಳು ಕೂತಿದ್ದರು. ಆಮೇಲೆ ಎದ್ದು ಮೇಲುಹೊದಿಕೆ ಹೆಗಲಿಗೆ ಹಾಕಿಕೊಂಡರು.

“ಎಲ್ಲಿಗೆ, ಗುರುಗಳೆ?”

“ಆ ತಾಯಿಯ ಮನೆಗೆ. ನಿನ್ನನ್ನು ಕಳಿಸಿದವನು ನಾನು. ಕಲಿಸಿದವನೂ ನಾನು. ನಡೆ.”

ಇಬ್ಬರೂ ದಂಡೆಯ ಹಾದಿ ಹಿಡಿದು ನಡೆದರು. ಗುರುಗಳ ಹೆಜ್ಜೆ ಸಣ್ಣದು. ಕಸ್ತೂರಿ ಹಿಂದೆ ಹಿಂದೆ ಬಂದಳು. ಹೊಳೆ ಮಳೆಗಾಲದ ಕೆಂಪು ನೀರು ತುಂಬಿಕೊಂಡು ಹರಿಯುತ್ತಿತ್ತು. ಒಗೆಯುವ ಬಂಡೆಗಳು ಮುಳುಗಿದ್ದವು.

“ಗುರುಗಳೆ, ಅವರು ನನ್ನನ್ನು ಹೊಡೆದರೆ?”

“ಹೊಡೆಯಲಿ.”

“ಕ್ಷಮಿಸದಿದ್ದರೆ?”

“ಅದು ಅವರ ಮಾತು. ಅದನ್ನು ನೀನೇಕೆ ಹೇಳಹೋಗುತ್ತೀ?”

ನೀಲವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಇಬ್ಬರನ್ನೂ ಕಂಡು ಎದ್ದಳು. ಕಂಬಳಿ ಹಾಸಿದಳು. ಕಸ್ತೂರಿ ಕೂರಲಿಲ್ಲ.

“ಅವ್ವಾ, ಅವತ್ತು ನಿಮ್ಮ ಮಾತು ಸರಿಯಾಗಿ ಮುಟ್ಟಲಿಲ್ಲ.”

“ಮುಟ್ಟಲಿಲ್ಲ ಅಂದ್ರ?”

“ಬ್ಯಾರೆ ಆತು.”

“ಯಾರು ಬ್ಯಾರೆ ಮಾಡಿದ್ರು?”

ಕಸ್ತೂರಿ ತಲೆ ತಗ್ಗಿಸಿದಳು. ಗುರುಗಳು ಹೊಳೆಯ ಕಡೆ ನೋಡುತ್ತಾ ನಿಂತರು. ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ.

ನೀಲವ್ವ ಮೊರವನ್ನು ಕೆಳಗಿಟ್ಟಳು.

“ನಾ ಏನಂದೆ ಅಂತ ಹೇಳಿದಿ, ಇಂಗ್ಲೀಷಿನಾಗ? ಅದನ್ನ ಕನ್ನಡದಾಗ ಹೇಳು.”

“ನೀರು ಏರಿದಾಗ ನಿಮ್ಮ ಮಗಳು ಜೀವ ಕಳಕೊಂಡಳು ಅಂತ.”

“ಕಳಕೊಂಡಳು?” ಎಂದಳು ನೀಲವ್ವ. “ನನ್ನ ಸರಸವ್ವ ಕಳಕೊಂಡಳು? ಸಂತ್ಯಾಗ ಚೀಲ ಕಳಕೊಂಡ್ಹಂಗ?”

ಕಸ್ತೂರಿ ನಿಂತಲ್ಲೇ ನಿಂತಿದ್ದಳು.

“ಯಾಕ ಮಾಡಿದಿ? ಕಂಪನಿಯವರು ಹೇಳಿದ್ರೇನು?”

“ಇಲ್ಲವ್ವಾ. ಗೇಟು ತೆಗೆದಾಂವ ನಮ್ಮ ಅಣ್ಣ.”

ನೀಲವ್ವ ಕೈ ಎತ್ತಿದಳು. ಕಸ್ತೂರಿ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ತೆರೆದು ನೋಡಿದರೆ ನೀಲವ್ವ ಎತ್ತಿದ ಕೈಯನ್ನು ತನ್ನ ಬಾಯಿಗೆ ಅಡ್ಡ ಹಿಡಿದುಕೊಂಡು ನಿಂತಿದ್ದಳು.

“ಆಂವ ಬಂದಿದ್ದ,” ಎಂದಳು. “ಹಿಂದಿನ ವಾರ. ಇಲ್ಲೇ, ಈ ಹೊಸ್ತಿಲದಾಗ ನಿಂತು, ನಾನ ಕೊಂದೀನಿ ಅವ್ವಾ ಅಂದ. ದೊಡ್ಡ ಸಾಹೇಬ್ರ ಯಾರದೂ ತಪ್ಪಿಲ್ಲ ಅಂತ ಅಂದಾರ, ನೀ ಯಾರಲೇ ನನ್ನ ಮುಂದ ಬಂದು ಅಣಕಸಾಕ ಅಂತ ಬೈದೆ. ಕದ ಹಾಕಿದೆ. ಆಂವ ಖರೇನ ಹೇಳಾಕ ಬಂದಿದ್ದನ?”

“ಖರೇನ, ಅವ್ವಾ.”

“ನಾನು ನಂಬಲಿಲ್ಲವಾ. ಸಾಹೇಬ್ರು ಬರೆದದ್ದನ್ನ ನಂಬಿದೆ. ಅವನನ್ನ ನಂಬಲಿಲ್ಲ.”

ಕೋಳಿಯೊಂದು ಬಂದು ಮೊರದ ಜೋಳ ಕೆದರಿತು. ಯಾರೂ ಓಡಿಸಲಿಲ್ಲ.

“ನಿನಗ ಚಾ ಕೊಡಂಗಿಲ್ಲ ನಾನು,” ಎಂದಳು ನೀಲವ್ವ ಕಡೆಗೆ. “ಕೂಡು ಅಂತನೂ ಅನ್ನಂಗಿಲ್ಲ. ಆ ಸಾಹೇಬ್ರು ಎಲ್ಲಿರ್ತಾರ?”

“ಪಟ್ಟಣದಾಗ.”

“ನಾಳೆ ಮೊದಲ ಬಸ್ಸಿಗೆ ಬರ್ತೀನಿ. ನೀನೂ ಬಾ.”

ಮಾರನೆಯ ದಿನ ಮೂವರೂ ಪಟ್ಟಣಕ್ಕೆ ಹೋದರು. ಅಧಿಕಾರಿ ಬೇರೆ ಕಡೆ ವರ್ಗವಾಗಿ ಹೋಗುವವರಿದ್ದರು. ಆ ಕಡತ ಮುಗಿದುಹೋಗಿದೆ, ಇನ್ನು ತೆರೆಯುವುದಿಲ್ಲ ಎಂದು ಜವಾನ ಹೇಳಿದ. ನೀಲವ್ವ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು. ಜನ ದಾಟಿಕೊಂಡು ಓಡಾಡಿದರು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಮಾತು ಬಂತು: ಐದು ನಿಮಿಷ ಕೊಡುತ್ತಾರೆ, ಊಟಕ್ಕೆ ಏಳುವ ಮೊದಲು.

ಬೆಂಚಿನ ಮೇಲೆ ಕೂತಿದ್ದ ಕಸ್ತೂರಿ ಗುರುಗಳ ಕಡೆ ತಿರುಗಿದಳು.

“ಗುರುಗಳೆ, ನನ್ನ ಡಿಗ್ರಿ ಹೋಗಬಹುದು.”

“ಹೋಗಬಹುದು.”

“ನನ್ನನ್ನೂ ಹಿಡಿದು ಒಳಗೆ ಹಾಕಬಹುದು.”

“ಹಾಕಬಹುದು.”

“ಇಷ್ಟು ಮಾಡಿದರೂ ಅಣ್ಣ ಬರುವುದಿಲ್ಲ. ಇವರ ಮಗಳು ಬರುವುದಿಲ್ಲ. ಆ ಮ್ಯಾನೇಜರಿಗೆ ಏನೂ ಆಗದೆ ಹೋಗಬಹುದು.”

“ಅದೂ ಆಗಬಹುದು.”

ಜವಾನ ಬಾಗಿಲು ತೆರೆದು ಕೈ ಮಾಡಿದ. ನೀಲವ್ವ ಎದ್ದು, ಸೀರೆಯ ಧೂಳು ಕೊಡವಿಕೊಂಡು, ಕಸ್ತೂರಿಗಾಗಿ ಕಾದು ನಿಂತಳು.

ಕಸ್ತೂರಿ ಎದ್ದಳು. ಒಳಗೆ ಕೂತವರಿಗೆ ಕನ್ನಡ ಬಾರದು, ಪಕ್ಕದಲ್ಲಿ ನಿಂತವಳಿಗೆ ಇಂಗ್ಲಿಷ್ ಬಾರದು. ಕಲಿತ ಪದಗಳೆಲ್ಲ ಒಂದೂ ಉಳಿಯದೆ ತಲೆಯಿಂದ ಹೋಗಿದ್ದವು.

“ಗುರುಗಳೆ,” ಎಂದಳು, “ಯಾವ ಭಾಷೆಯಲ್ಲಿ ಹೇಳಲಿ? ಎಲ್ಲಿಂದ ಶುರು ಮಾಡಲಿ?”

ಅವಳು ಮೆಲ್ಲಗೆ ಕೇಳಿದ್ದಳು. ಆದರೂ ಗುರುಗಳಿಗೆ ಕೇಳಿಸಿತು.

“ಭಾಷೆ ಯಾವುದಾದರೂ ಆಗಲಿ,” ಎಂದರು. “‘ನಾನು’ ಎಂದು ಶುರು ಮಾಡು.”